ಓರೆ ಮಾಡಿದರೆ ಓಡುವ ಗಾಡಿ

ನಮ್ಮ ಮನೆಯ ದೇವರ ಗೂಡಿನ ಪಕ್ಕದಲ್ಲಿ, ಊದಿನಕಡ್ಡಿ ಪೊಟ್ಟಣಕ್ಕೆ ಒರಗಿಕೊಂಡು, ಒಂದು ಸ್ಪಾರ್ಕ್ ಪ್ಲಗ್ ಇದೆ. ಹೊಸದಲ್ಲ. ಒಲೆಯೊಳಗಿಂದ ತೆಗೆದ ಹಾಗೆ ಕರ್ರಗಿದೆ. ಮನೆಗೆ ಬಂದವರು ಕೈಮುಗಿಯಲು ಹೋಗಿ ಅದನ್ನು ಕಂಡು ಒಂದು ಗಳಿಗೆ ತಡೆಯುತ್ತಾರೆ. ಮೊನ್ನೆ ನನ್ನ ಹೆಂಡತಿಯ ಕಡೆಯ ಹಿರಿಯರೊಬ್ಬರು ಯಾಕೆ ಬೇಕು ತಂಟೆ ಎಂದುಕೊಂಡು ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟೇ ಹೋದರು. ನಾನು ತಡೆಯಲಿಲ್ಲ. ನಮ್ಮ ಮನೆತನದ ಗಂಡಸರ ಸೊಕ್ಕು ಮುರಿದಿದ್ದರಲ್ಲಿ ಅದರ ಪಾಲೂ ಇದೆ, ಒಂದು ಬೊಟ್ಟು ಹೆಚ್ಚೇನಲ್ಲ.

ಈ ಪ್ಲಗ್ಗಿನ ವಿಷಯ ಹೇಳಬೇಕೆಂದರೆ ಮೊದಲು ಶಿವಕಾಕಾನ ವಿಷಯ ಹೇಳಬೇಕು. ಶಿವಕಾಕಾ ನಮ್ಮಪ್ಪನ ತಮ್ಮ, ಹರಿಹರದವನು. ಅವನ ವಿಷಯ ಹೇಳಬೇಕೆಂದರೆ ಸ್ಕೂಟರ್ ಓರೆ ಮಾಡುವ ವಿದ್ಯೆಯನ್ನು ಹೇಳಬೇಕು. ಗುಂಡಿ ಒತ್ತಿ ಗಾಡಿ ಶುರು ಮಾಡುವ ಈಗಿನವರಿಗೆ ಅದು ಗೊತ್ತಿರಲಾರದು. ನಾನು ಚಡ್ಡಿ ಹಾಕಿಕೊಂಡು ಹರಿಹರದ ಬೀದಿಗಳಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಸ್ಕೂಟರ್ ಇದ್ದ ಪ್ರತಿ ಮನೆಯ ಮುಂದೆಯೂ ಬೆಳಿಗ್ಗೆ ಒಂದೇ ನೋಟ. ಯಜಮಾನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಗೆ ಬರುತ್ತಾನೆ. ಕುಡಿದು ಬಂದ ಗೆಳೆಯನನ್ನು ಹಿಡಿದುಕೊಂಡ ಹಾಗೆ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಆಮೇಲೆ ನೆಟ್ಟಗೆ ಮಾಡಿ ಒದೆಯುತ್ತಾನೆ. ಹಾಗೆ ಓರೆ ಮಾಡಿದರೆ ಪೆಟ್ರೋಲು ಕಾರ್ಬುರೇಟರಿಗೆ ಇಳಿಯುತ್ತದೆ, ಗಾಡಿ ಶುರುವಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸತ್ಯ.

ಉಳಿದವರಿಗೆ ಅದೊಂದು ಅಭ್ಯಾಸ. ಶಿವಕಾಕಾನಿಗೆ ಮಾತ್ರ ಅದು ವ್ರತ. ಒಮ್ಮೆ ತುಂಗಭದ್ರೆಯ ಸೇತುವೆಯ ನಟ್ಟನಡುವೆ ಸ್ಕೂಟರ್ ನಿಂತಿತು. ಮುಂದೆ ನಾನು, ಸ್ಪೀಡಿನ ಮುಳ್ಳಿಗೆ ಮೂಗು ಹಚ್ಚಿಕೊಂಡು ನಿಂತಿದ್ದೇನೆ. ಹಿಂದೆ ಗಿರಿಜತ್ತೆ, ಅಂದರೆ ಕಾಕಾನ ಅಕ್ಕ, ಮಡಿಲಲ್ಲಿ ಹೂಕೋಸಿನ ಚೀಲ ಇಟ್ಟುಕೊಂಡು ಒಂದು ಬದಿಗೆ ಕಾಲು ಬಿಟ್ಟು ಕೂತಿದ್ದಾಳೆ. ಹಿಂದಿನಿಂದ ಲಾರಿಗಳು ಬಾಯಿ ಮಾಡುತ್ತಿದ್ದರೂ ಕಾಕಾ ಅವಸರ ಮಾಡಲಿಲ್ಲ. ನಮ್ಮನ್ನು ಇಳಿಸಿ ಮೊದಲು ಬಲಕ್ಕೆ ಓರೆ ಮಾಡಿದ, ಆಮೇಲೆ ಎಡಕ್ಕೆ. ಎರಡೂ ಕಡೆ ಯಾಕೆಂದು ಕೇಳಿದ್ದಕ್ಕೆ, "ನಮ್ಮೂರ ದೇವ್ರು ಬಲಕ್ಕೆ ಹರ, ಎಡಕ್ಕೆ ಹರಿ. ಒಬ್ರಿಗಷ್ಟೇ ಮಾಡಿದ್ರೆ ಇನ್ನೊಬ್ರು ಬಿಡ್ತಾರೇನು?" ಅಂದ. ಗಾಡಿ ಒಂದೇ ಒದೆತಕ್ಕೆ ಶುರುವಾಯಿತು. ಅಲ್ಲಿಗೆ ಅವನ ಧರ್ಮವೂ ವಿಜ್ಞಾನವೂ ಒಟ್ಟಿಗೆ ಗಟ್ಟಿಯಾದವು.

ಆಮೇಲೆ ಅವನು ಓರೆ ಮಾಡದೆ ಬಿಟ್ಟ ವಸ್ತು ಮನೆಯಲ್ಲಿ ಉಳಿಯಲಿಲ್ಲ. ಗ್ಯಾಸ್ ಮುಗಿಯುತ್ತಾ ಬಂದರೆ ಸಿಲಿಂಡರನ್ನು ಓರೆ ಮಾಡುತ್ತಿದ್ದ. ರೇಡಿಯೋ ಗೊರಗೊರ ಅಂದರೆ ರೇಡಿಯೋವನ್ನು. ಹೊಳೆಯಲ್ಲಿ ಈಜಿ ಬಂದು ಕಿವಿಗೆ ನೀರು ಹೋಗಿದೆ ಅಂದಾಗ ನನ್ನನ್ನೇ ಓರೆ ಮಾಡಿ ಒಂಟಿಕಾಲಲ್ಲಿ ಕುಣಿಸಿದ. ಗಣಿತದಲ್ಲಿ ನಾನು ಫೇಲಾದ ದಿನವೂ ಕಿವಿ ಹಿಡಿದು ಓರೆ ಮಾಡಿದ, ಆದರೆ ಅದು ಬೇರೆ ಉದ್ದೇಶದಿಂದ. ಒಟ್ಟಿನಲ್ಲಿ ಕೆಟ್ಟಿದ್ದು ಏನೇ ಇರಲಿ, ಅದರ ಒಳಗೆ ಏನೋ ಒಂದು ಒಂದು ಕಡೆ ಕೂತಿದೆ, ಅದನ್ನು ಇನ್ನೊಂದು ಕಡೆಗೆ ಸರಿಸಿದರೆ ಆಯಿತು ಎಂಬುದು ಅವನ ಸಿದ್ಧಾಂತ. ಈ ಸಿದ್ಧಾಂತ ದಯವಿಟ್ಟು ನೆನಪಿರಲಿ. ಅದು ಎಷ್ಟು ಸರಿ ಎಂಬುದು ಗೊತ್ತಾಗಲು ನಮಗೆಲ್ಲ ಬಹಳ ವರ್ಷ ಹಿಡಿಯಿತು.

ಗಿರಿಜತ್ತೆಯನ್ನು ಕೊಟ್ಟಿದ್ದು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಗೆ. ಗಂಡ ತೀರಿಕೊಂಡ ಮೇಲೆ ಗದ್ದೆಯನ್ನು ಅವಳೇ ಮಾಡಿಸುತ್ತಾ ಬಂದಳು. ಮನೆಗೆ ಆಳುಕಾಳು, ಹೋಗಿಬರುವವರು ಯಾವತ್ತೂ ಇದ್ದೇ ಇರುತ್ತಾರೆ, ಅದಕ್ಕೆ ಕೊರತೆಯಿಲ್ಲ. ಕೊರತೆ ಬಂದಿದ್ದು ಮಂಡಿಗೆ. ಈಚೆಗೆ ಬದುವಿನ ಮೇಲೆ ನಡೆಯುವುದೇ ಕಷ್ಟವಾಯಿತು. ಭತ್ತದ ಗದ್ದೆ ಮಾಡುವವರಿಗೆ ನಾನು ಹೇಳಬೇಕಿಲ್ಲ, ಚಾನಲ್‌ಗೆ, ಅಂದರೆ ದೊಡ್ಡ ಕಾಲುವೆಗೆ, ನೀರು ಬಿಟ್ಟಾಗ ತೂಬಿನ ಹತ್ತಿರ ಖುದ್ದು ನಿಲ್ಲಬೇಕು. ನಾವು ಆ ಕಡೆ ತಿರುಗಿದರೆ ನೀರು ಈ ಕಡೆ ತಿರುಗಿರುತ್ತದೆ.

"ಸಾಕಕ್ಕಾ, ಲಾವಣಿಗೆ ಕೊಟ್ಟುಬಿಡು," ಎಂದು ಕಾಕಾ ಹಟ ಹಿಡಿದ. ಲಾವಣಿ ಅಂದರೆ ಗದ್ದೆಯನ್ನು ಬೇರೆಯವರಿಗೆ ಗುತ್ತಿಗೆಗೆ ಕೊಡುವುದು. "ಪಕ್ಕದ ಗದ್ದೆ ಚನ್ನಬಸಪ್ಪ ಕೇಳ್ತಾ ಅವನೆ. ನೀನು ಮನೆಯಾಗೆ ತಣ್ಣಗೆ ಕೂಡ್ರು."

"ತಣ್ಣಗೆ ಕೂಡ್ರಾಕೆ ನಾನೇನು ಮಣ್ಣಿನ ಮಡಿಕೇನೇನೋ?" ಅಂದಳು ಅತ್ತೆ. ಆದರೆ ಅವತ್ತು ಅವಳ ದನಿಯಲ್ಲಿ ಎಂದಿನ ಖಾರ ಇರಲಿಲ್ಲ. ಗದ್ದೆ ಕೈಬಿಟ್ಟರೆ ಈ ಹೆಂಗಸು ಒಂದೇ ವರ್ಷಕ್ಕೆ ಮುದುಕಿಯಾಗುತ್ತಾಳೆ ಅನ್ನಿಸಿತು ನನಗೆ.

ನನಗೆ ದಾವಣಗೆರೆಯಲ್ಲಿ ಕನ್ನಡಕದ ಅಂಗಡಿಯಿದೆ. ಕನ್ನಡಕ ಮಾಡಿಸಿಕೊಳ್ಳಲು ಬಂದ, ಸಾರಥಿ ಎಂಬ ಊರಿನ ಒಬ್ಬರು ಮಾತಿಗೆ ಮಾತು ಬೆಳೆದು, ತಮ್ಮ ಮನೆಯಲ್ಲಿ ನಾಲ್ಕು ಗಾಲಿಯ ಬೈಕು ಸುಮ್ಮನೆ ನಿಂತಿದೆ ಅಂದರು. ಹೊಳೆದಂಡೆಯ ಮರಳಲ್ಲಿ ಪ್ರವಾಸಿಗಳನ್ನು ಕೂರಿಸಿ ಸುತ್ತಿಸಬೇಕೆಂದು ತಂದಿದ್ದರಂತೆ. ಗಾಡಿ ಬಂತು, ಪ್ರವಾಸಿಗಳು ಬರಲಿಲ್ಲ. ಹಳೇ ಕಾಲದ್ದು, ಕಾರ್ಬುರೇಟರ್ ಇರುವಂಥದ್ದು, ಟ್ರ್ಯಾಕ್ಟರಿನ ಮೊಮ್ಮಗನ ಹಾಗೆ ದಪ್ಪ ಟೈರು. ಬಿದ್ದು ಹೋಗುವ ಭಯವಿಲ್ಲ, ಬದುವೋ ಕೆಸರೋ ಎಲ್ಲಿ ಬೇಕಾದರೂ ಹೋಗುತ್ತದೆ. ನಾನು ಹಿಂದುಮುಂದು ನೋಡದೆ ಅದನ್ನು ಅತ್ತೆಯ ಬಾಗಿಲಿಗೆ ತಂದು ನಿಲ್ಲಿಸಿದೆ.

ಊರು ನೆರೆಯಿತು. ಅತ್ತೆ ಸೀರೆ ಎತ್ತಿ ಕಟ್ಟಿ ಹತ್ತಿ ಕೂತು, ಹೆಬ್ಬೆರಳಲ್ಲಿ ಎಕ್ಸಲೇಟರ್ ಒತ್ತಿ, ಕಣದ ಸುತ್ತ ಒಂದು ಸುತ್ತು ಹಾಕಿ ಬಂದಳು. ಗದ್ದೆಬದುವಿನ ಏಡಿ ಇದ್ದ ಹಾಗೆ ಇದೆ ಎಂದು ಯಾರೋ ಅಂದರು, ಅಂದಿನಿಂದ ಅದು ಗಿರಿಜಮ್ಮನ ಏಡಿಯಾಯಿತು. ಸೀಟು ಬಿಸಿಲಿಗೆ ಕಾಯುತ್ತದೆಂದು ಅತ್ತೆ ಅದಕ್ಕೊಂದು ಕೌದಿ ಹೊಲಿದು ಹೊದಿಸಿದಳು. ಬೇರೆ ಬಟ್ಟೆಯಲ್ಲಲ್ಲ, ಅವಳ ಅವ್ವನ, ಅಂದರೆ ನನ್ನ ಅಜ್ಜಿಯ, ಹಳೇ ಸೀರೆಗಳ ತುಂಡಿನಲ್ಲಿ. ಯಾರೂ ಎತ್ತಿಕೊಂಡು ಹೋಗದ ಹಾಗೆ ದಬ್ಬಳದಲ್ಲಿ ಸೀಟಿನ ಕೆಳಗಿನ ಕಬ್ಬಿಣದ ಸರಳಿಗೇ ಸೇರಿಸಿ ಬಿಗಿದುಬಿಟ್ಟಳು.

ಒಂದು ವಾರ ಏಡಿ ಚೆನ್ನಾಗಿ ಓಡಿತು. ಆಮೇಲೆ ಕೆಮ್ಮಲು ಶುರುವಾಯಿತು. ನಿಂತಲ್ಲಿ ಸುಮಾರಾಗಿ ಇರುತ್ತಿತ್ತು, ಎಕ್ಸಲೇಟರ್ ಒತ್ತಿದರೆ ಸಾಕು, ಫಟ್ ಫಟ್ ಎಂದು ಮಿಸ್ಸಿಂಗ್ ಹೊಡೆದು, ಹಿಂದಿನಿಂದ ಕಪ್ಪು ಹೊಗೆ ಬಿಟ್ಟು, ಸತ್ತೇ ಹೋಗುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದರೆ ಹಸಿ ಮಸಿ.

ಕಾಕಾನಿಗೆ ಸುದ್ದಿ ಹೋಯಿತು. ಅವನ ಸ್ಥಿತಿ ನೋಡಿ: ಗಾಡಿ ಕೆಟ್ಟರೆ ಅವನ ಲಾವಣಿಯ ಮಾತು ಗೆಲ್ಲುತ್ತದೆ. ಆದರೆ ಕೆಟ್ಟ ಎಂಜಿನ್ ಎದುರಿಗೆ ಇರುವಾಗ ಸುಮ್ಮನೆ ಕೂರುವ ಜಾತಿ ಅವನದಲ್ಲ. "ನೋಡಕ್ಕಾ," ಅಂದ, "ಚಾನಲ್‌ಗೆ ನೀರು ಬಿಡೋದ್ರೊಳಗೆ ಇದನ್ನ ನಾನೇ ನೆಟ್ಟಗೆ ಮಾಡಿಕೊಡ್ತೀನಿ. ನನ್ನ ಕೈಲೂ ಆಗಲಿಲ್ಲ ಅಂದ್ರೆ ಮಾತಿಲ್ಲದೆ ಲಾವಣಿಗೆ ಕೊಡಬೇಕು." ಅತ್ತೆ ಒಪ್ಪಿದಳು.

ಭಾನುವಾರ ಬಂತೆಂದರೆ ಕಾಕಾ ಹರಿಹರದಿಂದ ತನ್ನ ಹಳೇ ಸ್ಕೂಟರಿನಲ್ಲಿ, ನಾನು ದಾವಣಗೆರೆಯಿಂದ ಬಸ್ಸಿನಲ್ಲಿ ಅತ್ತೆಯ ಮನೆಗೆ ಹಾಜರು. ದಾವಣಗೆರೆಯವನು ಬರಿಗೈಯಲ್ಲಿ ಹೋಗುವುದುಂಟೇ? ಭಟ್ಟಿಯಿಂದ ಬಿಸಿಬಿಸಿ ಮಂಡಕ್ಕಿಯ ಒಂದು ಚೀಲ ಹೆಗಲಿಗೇರಿಸಿಕೊಂಡೇ ಹೋಗುತ್ತಿದ್ದೆ. ಗಾಡಿ ನಿಂತಿದ್ದ ತಗಡಿನ ಶೆಡ್ಡಿನಲ್ಲೇ ಚೀಲ ಒರಗಿಸುವುದು, ಅಲ್ಲೇ ಅತ್ತೆ ಒಗ್ಗರಣೆ ಹಾಕಿ ತಂದ ಮಂಡಕ್ಕಿ, ಕರಿದ ಮೆಣಸಿನಕಾಯಿ, ಚಹಾ. ನಮ್ಮ ಸೀಮೆಯಲ್ಲಿ ಮಂಡಕ್ಕಿ ಮುಂದಿಲ್ಲದೆ ಯಾವ ಎಂಜಿನ್ನೂ ಬಿಚ್ಚುವುದಿಲ್ಲ, ಯಾವ ನ್ಯಾಯವೂ ತೀರುವುದಿಲ್ಲ. ಒಂದು ಕೈ ಸ್ಪ್ಯಾನರಿನಲ್ಲಿ, ಇನ್ನೊಂದು ಕೈ ತಟ್ಟೆಯಲ್ಲಿ. ಅರ್ಧ ಬಾಯಿಗೆ, ಅರ್ಧ ನೆಲಕ್ಕೆ.

ಪಕ್ಕದ ಗದ್ದೆಯ ಚನ್ನಬಸಪ್ಪನೂ ಬರುತ್ತಿದ್ದ. ಲಾವಣಿಗೆ ಕಣ್ಣು ಹಾಕಿದ್ದವನು ಇವನೇ. ತುಂಬಾ ವಿನಯವಂತ. "ಗಿರಿಜಕ್ಕಾರೆ, ನಿಮ್ಮ ಗಾಡಿ ಓಡಿದ್ರೆ ನನಗಿಂತ ಖುಷಿ ಪಡೋರು ಯಾರದಾರ್ರಿ?" ಎನ್ನುತ್ತಲೇ ಗಾಡಿ ಕೆಮ್ಮಿದಾಗಲೆಲ್ಲ ಇನ್ನೊಂದು ಮೆಣಸಿನಕಾಯಿ ಕೈಗೆತ್ತಿಕೊಳ್ಳುತ್ತಿದ್ದ.

ಮೊದಲ ಭಾನುವಾರ ಕಾಕಾ ಪೆಟ್ರೋಲು ಬದಲಿಸಿದ. ಮುಂದೆ ಪ್ಲಗ್ಗು. ಆಮೇಲೆ ಕಾರ್ಬುರೇಟರನ್ನೇ ಪಕ್ಕದಿಂದ ಬಿಚ್ಚಿ, ಒಳಗಿನ ಜೆಟ್ಟಿನ ಸಣ್ಣ ತೂತನ್ನು ಬೆಳಕಿಗೆ ಹಿಡಿದು, ಪೊರಕೆಕಡ್ಡಿ ಆಡಿಸಿ, ಊದಿ, ನನ್ನ ಕೈಗೆ ಕೊಟ್ಟ. ನಾನೂ ಕನ್ನಡಕ ಮೇಲೆ ಸರಿಸಿ ವೃತ್ತಿಗೌರವದಿಂದ ನೋಡಿ, "ಶುದ್ಧ ಐತೆ" ಅಂದೆ. ಜೋಡಿಸಿದರೆ ಅದೇ ಕೆಮ್ಮು.

"ಓರೆ ಮಾಡೋಣ," ಅಂದ ಕಾಕಾ.

ನಾಲ್ಕು ಗಾಲಿಯ ಗಾಡಿಯನ್ನು ಓರೆ ಮಾಡುವುದೆಂದರೆ ಮಲಗಿದ ಎಮ್ಮೆಯನ್ನು ಮಗ್ಗುಲು ಬದಲಿಸಿದ ಹಾಗೆ. ಕಾಕಾ ಮುಂದೆ ಹಿಡಿದ, ನಾನು ಹಿಂದೆ, ನಡುವೆ ಚನ್ನಬಸಪ್ಪ. "ಹಾಕ್ರಿ ಕೈ! ಎತ್ರಿ! ಹರನ ಕಡೆ! ಇನ್ನೊಂಚೂರು!" ಎಂದು ಕಾಕಾನ ಕೂಗು ಊರಾಚೆಗೂ ಕೇಳುತ್ತಿತ್ತು. ಬಲಕ್ಕೊಮ್ಮೆ, ಎಡಕ್ಕೊಮ್ಮೆ ಓರೆ ಮಾಡಿ ಇಳಿಸಿ ಶುರು ಮಾಡಿದರೆ ಏನು ಹೇಳಲಿ, ಕೆಮ್ಮು ಮಾಯ. ಅತ್ತೆ ಹತ್ತಿ ಕೂತು ಕೆರೆಯವರೆಗೆ ಜುಮ್ಮನೆ ಹೋದಳು. ಕಾಕಾ ಮೀಸೆ ಸವರಿಕೊಂಡ. ಕೆರೆಯಿಂದ ವಾಪಸ್ ಬರುವಾಗ ಮತ್ತೆ ಫಟ್ ಫಟ್.

ಇದು ಎಂಥಾ ಕಾಟ ನೋಡಿ. ಓರೆ ಮಾಡಿದರೆ ಏನೂ ಆಗದಿದ್ದರೆ ನಾವು ಬೇರೆ ದಾರಿ ಹುಡುಕುತ್ತಿದ್ದೆವು. ಆದರೆ ಪ್ರತಿ ಸಲವೂ ಓರೆ ಮಾಡಿದಾಗ ಕೆರೆಯವರೆಗೆ ಓಡುತ್ತಿತ್ತು. ಹಾಗಾಗಿ ವಾರವಾರವೂ ಓರೆ ಮಾಡಿದೆವು. ಒಮ್ಮೆಯಂತೂ ಗಾಡಿ ಮುಂದಿನಿಂದ ದೊಡ್ಡದಾಗಿ ಸೀನಿತು. ಬಗ್ಗಿ ನೋಡುತ್ತಿದ್ದ ಕಾಕಾ ತಲೆ ಎತ್ತಿದಾಗ ಅವನ ಮೀಸೆಯ ಮೇಲೆ ಎರಡು ಮಂಡಕ್ಕಿ ಕೂತಿದ್ದವು. ಮಂಡಕ್ಕಿ ತಿನ್ನುವವನ ಮೀಸೆಯಲ್ಲಿ ಮಂಡಕ್ಕಿ ಇರುವುದರಲ್ಲಿ ವಿಶೇಷವೇನು? ಅವನೇ ನಾಲಿಗೆ ಚಾಚಿ ಒಳಗೆಳೆದುಕೊಂಡ. ಜನರಿಗೆ ಕಾಣುವ ಹಾಗೆ ಮಾಡುವುದು ನನ್ನ ಕಸುಬು, ನನಗೇ ಅದು ಕಾಣಲಿಲ್ಲ.

ನಾಳೆ ಚಾನಲ್‌ಗೆ ನೀರು ಬರುತ್ತದೆ ಎನ್ನುವ ಭಾನುವಾರ ನಾನೂ ಕಾಕಾನೂ ಜಗಳವಾಡಿದೆವು. ಸೀಟು ಬಿಚ್ಚಿ ಅದರ ಕೆಳಗೆ ಒಮ್ಮೆ ನೋಡೋಣ ಎಂದು ನಾನು ಅಂದಿದ್ದೇ ತಪ್ಪಾಯಿತು.

"ಅವ್ವನ ಸೀರೆ ಮೇಲೆ ಕತ್ತರಿ ಆಡಿಸ್ತೀಯೇನಲೇ ಈಶ?" ಎಂದು ಕಾಕಾ ಗದರಿದ. "ಅಲ್ಲದೆ, ಎಂಜಿನ್ ಕಾಯಿಲೆಗೂ ಕುಂಡ್ರೋ ಜಾಗಕ್ಕೂ ಏನು ಸಂಬಂಧ? ಸ್ಕೂಟರ್‌ನಾಗೆ ಎಲ್ಲಾ ಪಕ್ಕದಾಗೇ ಇರ್ತದೆ."

"ಇದು ಸ್ಕೂಟರ್ ಅಲ್ಲ ಕಾಕಾ."

"ನೀನು ಕನ್ನಡಕ ಮಾರು ಹೋಗು."

ಅಷ್ಟಾದ ಮೇಲೆ ಇಬ್ಬರಿಗೂ ಮಾತಿಲ್ಲ. ನಾಳೆ ಬೆಳಿಗ್ಗೆ ಲಾವಣಿ ಮಾತು ಮುಗಿಸೋಣವೆಂದು ಕಾಕಾ ಚನ್ನಬಸಪ್ಪನಿಗೆ ಆಗಲೇ ಹೇಳಿಬಿಟ್ಟಿದ್ದ, ಅವನು ಸಂಭ್ರಮ ಮುಚ್ಚಿಟ್ಟುಕೊಳ್ಳಲು ಬಾಯಿ ಬಿಗಿಹಿಡಿದಿದ್ದ. ಕೊನೇ ಸಲ ಓರೆ ಮಾಡಲು ಕಾಕಾ ಕಣ್ಣಲ್ಲೇ ಸನ್ನೆ ಮಾಡಿದ. ಮೂವರೂ ಮುಖ ಊದಿಸಿಕೊಂಡು, ಕೂಗಿಲ್ಲದೆ, ಉಸಿರು ಬಿಗಿಹಿಡಿದು ಗಾಡಿಯನ್ನು ಎತ್ತಿದೆವು.

ಆಗ ಅದರ ಹೊಟ್ಟೆಯೊಳಗೆ ಸರ್ರ್ ಎಂದು ಏನೋ ಸರಿಯಿತು.

ಇಷ್ಟು ವಾರ ಕಾಕಾನ ಕೂಗಿನಲ್ಲಿ ಮುಚ್ಚಿಹೋಗಿದ್ದ ಸದ್ದು ಅದು. ಗಂಡಸರು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಚಹಾ ಹಿಡಿದು ಬರುತ್ತಿದ್ದ ಅತ್ತೆ ಬಾಗಿಲಲ್ಲೇ ನಿಂತಳು.

"ಇನ್ನೊಂದು ಸಲ ಓರೆ ಮಾಡ್ರಿ," ಅಂದಳು. ಮಾಡಿದೆವು. ಸರ್ರ್.

"ಇದು ನನ್ನ ಮಂಡಕ್ಕಿ ಡಬ್ಬಿ ಸದ್ದು," ಅಂದಳು ಅತ್ತೆ. "ದಿನಾ ಅಲ್ಲಾಡಿಸಿ ನೋಡ್ತೀನಿ, ನನಗೆ ಗೊತ್ತಾಗಲ್ವೇನು?"

ಒಳಗೆ ಹೋಗಿ ಕತ್ತರಿ ತಂದಳು. ಕಾಕಾ ಅಡ್ಡ ಬಂದ. "ಅಕ್ಕಾ, ಅವ್ವನ ಸೀರೆ..."

"ಅವ್ವ ಇದ್ದಿದ್ರೆ ಇಷ್ಟೊತ್ತಿಗೆ ತಾನೇ ಹರಿದು ಒಗೀತಿದ್ಲು. ಸರಿ ಆ ಕಡೆ."

ದಬ್ಬಳದ ಹೊಲಿಗೆಯನ್ನು ಅತ್ತೆ ಚಕಚಕನೆ ಕತ್ತರಿಸಿದಳು. ಸೀಟು ಎತ್ತಿದೆವು. ಕೆಳಗೊಂದು ಪ್ಲಾಸ್ಟಿಕ್ ಡಬ್ಬ, ಎಂಜಿನ್ ಉಸಿರೆಳೆದುಕೊಳ್ಳುವ ಡಬ್ಬ. ಮುಚ್ಚಳ ತೆಗೆದರೆ ಬಾಯಿತನಕ ಮಂಡಕ್ಕಿ. ನಡುನಡುವೆ ಹುರಿಗಡಲೆ, ಕಡಲೆಬೀಜ, ಅರ್ಧ ಕಚ್ಚಿದ ಮೆಣಸಿನಕಾಯಿಯ ತೊಟ್ಟು. ಮೂಲೆಯಿಂದ ಒಂದು ಇಲಿ ನಮ್ಮನ್ನು ನೋಡಿ, ಚಂದಾ ಕೇಳಲು ಬಂದವರನ್ನು ಕಂಡ ಹಾಗೆ ಬೇಜಾರಿನಿಂದ ಹಾರಿಹೋಯಿತು. ಗಾಳಿ ಒಳಗೆ ಹೋಗಲು ಜಾಗವೇ ಇಲ್ಲ, ಬರೀ ಪೆಟ್ರೋಲು ಕುಡಿದು ಎಂಜಿನ್ ಕೆಮ್ಮುತ್ತಿತ್ತು, ಪ್ಲಗ್ಗು ಮಸಿಯಾಗುತ್ತಿತ್ತು. ನಾವು ಓರೆ ಮಾಡಿದಾಗ ಮಂಡಕ್ಕಿ ಒಂದು ಕಡೆ ಸರಿದು ಗಾಳಿಗೆ ದಾರಿಯಾಗುತ್ತಿತ್ತು. ಕೆರೆಯ ದಾರಿಯ ಕುಲುಕಾಟಕ್ಕೆ ಮತ್ತೆ ಬಂದು ಮುಚ್ಚುತ್ತಿತ್ತು. ಮೊದಲು ಅತ್ತೆಯ ಅಡುಗೆಮನೆಯಿಂದ ಕದ್ದಿದ್ದು, ಆಮೇಲೆ ರಿಪೇರಿಗೆಂದು ನಾವು ತಿಂದು ಚೆಲ್ಲಿದ್ದು, ನಾನು ಚೀಲದಲ್ಲಿ ಹೊತ್ತು ತಂದಿದ್ದು, ಎಲ್ಲ ಅಲ್ಲಿತ್ತು. ಇಲಿಗೆ ವಾರಕ್ಕೊಮ್ಮೆ ದಾವಣಗೆರೆಯಿಂದ ರೇಷನ್ ಬರುತ್ತಿತ್ತು.

ಮಂಡಕ್ಕಿಯ ತಳದಲ್ಲಿ ಮೆತ್ತಗೆ ಹಾಸಿದ ಹಸಿರು ಬಟ್ಟೆಯ ಚೂರು. ಕೌದಿಯ ಅಡಿಯಿಂದ ಕಚ್ಚಿ ಎಳೆದುಕೊಂಡಿದ್ದು. ಅತ್ತೆ ಅದನ್ನು ಬೆರಳಲ್ಲಿ ಸವರಿದಳು. "ನೋಡೋ ತಮ್ಮ, ಅವ್ವನ ಇಳಕಲ್ ಸೀರೆ. ಸತ್ತ ಮೇಲೂ ಇಲಿಗೆ ಹಾಸಿಗೆ ಹಾಕಿಕೊಟ್ಟಾಳೆ." ಕಾಕಾನ ಕಣ್ಣು ಒದ್ದೆಯಾಗಿತ್ತು. ಹೊಗೆ, ಅಂದ. ಗಾಡಿ ಇನ್ನೂ ಶುರುವೇ ಮಾಡಿರಲಿಲ್ಲ.

ಡಬ್ಬ ಖಾಲಿ ಮಾಡಿ, ಅದರೊಳಗಿನ ಸ್ಪಂಜು ತೊಳೆದು ಒಣಗಿಸಿ, ಹೊಸ ಪ್ಲಗ್ ಹಾಕಿದೆವು. ಮಸಿ ಹಿಡಿದಿದ್ದನ್ನು ನಾನು ಜೇಬಿಗೆ ಹಾಕಿಕೊಂಡೆ. ಏಡಿ ಕೆಮ್ಮದೆ ಸೀನದೆ ಕೆರೆಗೆ ಹೋಗಿ ಬಂತು, ಮತ್ತೆ ಹೋಗಿ ಮತ್ತೆ ಬಂತು.

"ನಾನು ಹೇಳಿದ್ದಿಲ್ವಾ?" ಅಂದ ಕಾಕಾ. "ಒಳಗೆ ಏನೋ ಒಂದು ಕಡೆ ಕುಂತೈತೆ ಅಂತ? ಓರೆ ಮಾಡದಿದ್ರೆ ಸದ್ದು ಕೇಳ್ತಿತ್ತೇನು?"

ಮಾತು ಅಕ್ಷರಶಃ ನಿಜ. ನಾನು ಸೋಲೊಪ್ಪಿಕೊಂಡೆ. ಅತ್ತೆ ಮಾತ್ರ ಸಂಜೆಯ ಮಂಡಕ್ಕಿಯ ತಟ್ಟೆಯನ್ನು ಅವನ ಮುಂದಿಟ್ಟು, ಯಾವ ಮಂಡಕ್ಕಿ ಎಂದು ಹೇಳದೆ ಒಳಗೆ ಹೋದಳು. ಕಾಕಾ ಬಹಳ ಹೊತ್ತು ತಟ್ಟೆಯನ್ನೇ ನೋಡಿ, ಯಾಕೋ ಹಸಿವಿಲ್ಲ ಅಂದ.

ಆದರೆ ಅವನು ಲಾವಣಿಯ ಮಾತು ಹಿಂದಕ್ಕೆ ತಗೊಳ್ಳಲಿಲ್ಲ. "ಓರೆ ಮಾಡಿದಾಗ್ಲೂ ಓಡ್ತಿತ್ತು. ಇವತ್ತು ಓಡ್ತು ಅಂದ್ರೆ ನಾಳೆನೂ ಓಡ್ತದೆ ಅಂತ ಏನು ಗ್ಯಾರಂಟಿ? ಬೆಳಿಗ್ಗೆ ಬರ್ತೀನಿ, ತೂಬಿನ ಹತ್ರನೇ ಚನ್ನಬಸಪ್ಪನ ಕೂಡ ಕೂತು ಮಾತಾಡೋಣ," ಎಂದು ಹೇಳಿ ಹರಿಹರಕ್ಕೆ ಹೋದ. ನಾನು ಅತ್ತೆಯ ಮನೆಯಲ್ಲೇ ಉಳಿದೆ. ಮಾರನೇ ದಿನ ಅಂಗಡಿಗೆ ಬೀಗ.

ಬೆಳಿಗ್ಗೆ ಕಾಕಾನ ಫೋನು ಬಂತು. ಚಾನಲ್ ಏರಿಯ ಮೇಲೆ ಸ್ಕೂಟರ್ ನಿಂತಿದೆಯಂತೆ. ಅತ್ತೆ ಏಡಿ ಹತ್ತಿದಳು, ನಾನು ಹಿಂದೆ ಕೂತೆ. ಹೋಗಿ ನೋಡಿದರೆ ಕಾಕಾ ಏರಿಯ ಮೇಲೆ ಬೆವರಿಳಿಸುತ್ತಾ ಸ್ಕೂಟರನ್ನು ಎಡಕ್ಕೆ ಓರೆ ಮಾಡಿಕೊಂಡು ನಿಂತಿದ್ದಾನೆ. ಕೆಳಗೆ ಹೊಸ ನೀರು ಕೆಂಪಗೆ ಹರಿಯುತ್ತಿದೆ.

"ಹರನ ಕಡೆ ಆತೇನೋ ತಮ್ಮ?" ಅಂದಳು ಅತ್ತೆ.

"ಎರಡೂ ಕಡೆ ಆತು."

"ಹಂಗಾರೆ ಹತ್ತು."

ಸ್ಕೂಟರನ್ನು ಜಾಲಿಮರಕ್ಕೆ ಒರಗಿಸಿ ಕಾಕಾ ಅಕ್ಕನ ಹಿಂದೆ ಕೂತ, ನಾನು ಅವನ ಹಿಂದಿನ ಕ್ಯಾರಿಯರಿಗೆ ಸರಿದೆ. ಹಿಂದೊಮ್ಮೆ ಸೇತುವೆಯ ಮೇಲೆ ಅವನ ಬೆನ್ನಿಗೆ ಕೂತಿದ್ದವಳ ಬೆನ್ನಿಗೆ ಈಗ ಅವನು ಕೂತಿದ್ದ. ಬದುವಿನ ಮೇಲೆ ಏಡಿ ಕುಲುಕುತ್ತಾ ಹೋಯಿತು. ಕೆಮ್ಮೀತೇ ಎಂದು ನಾನು ಕಿವಿಗೊಟ್ಟಿದ್ದೆ, ಕೆಮ್ಮಲಿಲ್ಲ.

ತೂಬಿನ ಹತ್ತಿರ ಚನ್ನಬಸಪ್ಪ ನಮಗಿಂತ ಮುಂಚೆ ಬಂದಿದ್ದ. ಕೈಯಲ್ಲಿ ಸಲಿಕೆ. ಅತ್ತೆಯ ಕಾಲುವೆಯ ಬಾಯಿಗೆ ಹಸಿಮಣ್ಣಿನ ಒಡ್ಡು ಬಿದ್ದಿತ್ತು, ನೀರೆಲ್ಲ ಅವನ ಗದ್ದೆಗೆ ಧುಮುಕುತ್ತಿತ್ತು. ನಮ್ಮನ್ನು ಕಂಡು ಬೆಪ್ಪಾದ. "ಅಲ್ಲ ಗಿರಿಜಕ್ಕಾರೆ, ನೀವು ಬರೋದು ತಡ ಆಗ್ತದೇನೋ, ನೀರು ಹಾಳಾಗೋದು ಬ್ಯಾಡ ಅಂತ..."

ಅತ್ತೆ ಇಳಿಯಲಿಲ್ಲ, ಬೈಯಲೂ ಇಲ್ಲ. ಹೆಬ್ಬೆರಳಲ್ಲಿ ಎಕ್ಸಲೇಟರನ್ನು ಒಮ್ಮೆ ಪೂರ್ತಿ ಒತ್ತಿದಳು. ಗುರ್ರೆನ್ನುವ ಆ ತುಂಬು ದನಿ ಗದ್ದೆಬಯಲೆಲ್ಲ ಹರಡಿತು, ನಡುವೆ ಒಂದೇ ಒಂದು ಬಿಕ್ಕಳಿಕೆಯಿಲ್ಲ. ಚನ್ನಬಸಪ್ಪ ತಾನಾಗಿಯೇ ಬಗ್ಗಿ ಒಡ್ಡು ಕಿತ್ತ. ನೀರು ಅತ್ತೆಯ ಗದ್ದೆಗೆ ತಿರುಗಿತು.

ಕಾಕಾ ನೀರನ್ನು ನೋಡಿದ, ಚನ್ನಬಸಪ್ಪನ ಸಲಿಕೆಯನ್ನು ನೋಡಿದ, ಆಮೇಲೆ ತನ್ನ ಮುಂದಿದ್ದ ಅಕ್ಕನ ನೆಟ್ಟಗಿನ ಬೆನ್ನನ್ನು ನೋಡಿದ.

"ಚನ್ನಬಸಪ್ಪ, ಲಾವಣಿ ಮಾತಿಗೆ ಬಂದೀವಿ," ಅಂದ. "ನಿನ್ನ ಗದ್ದೆ ನಮ್ಮಕ್ಕಂಗೆ ಕೊಡ್ತೀಯೇನು?"